ದಾಸ್ತಾನು ಪುಸ್ತಕವೇ ಮೊದಲ ಕಾವಲು



ಮಾಸ್ಕೋದ ದಕ್ಷಿಣಕ್ಕೆ ಪೊಡೊಲ್ಸ್ಕ್ ಎಂಬ ಊರಿದೆ. ಅಲ್ಲಿನ ‘ಲೂಚ್’ ಎಂಬ ಸಂಶೋಧನಾ ಸಂಸ್ಥೆಯಲ್ಲಿ 1992ರಲ್ಲಿ ಒಬ್ಬ ಎಂಜಿನಿಯರ್ ಇದ್ದ, ಹಳೆಯ ನೌಕರ. ಸೋವಿಯತ್ ಒಕ್ಕೂಟ ಒಡೆದು ವರ್ಷ ತುಂಬಿರಲಿಲ್ಲ. ಬೆಲೆಗಳು ಕೈಗೆಟುಕದಂತಾಗಿದ್ದವು, ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ. ಬಾಂಬಿಗೆ ಬಳಸುವಂಥ ಯುರೇನಿಯಂಗೆ ಹೊರಗೆ ಭಾರಿ ಬೆಲೆಯಿದೆ ಎಂಬ ಬರಹವೊಂದನ್ನು ಆತ ಪತ್ರಿಕೆಯಲ್ಲಿ ಓದಿದ. ತನ್ನ ಕೈಯಲ್ಲಿ ದಿನವೂ ಓಡಾಡುವ ಪುಡಿ ಅದೇ ಆಗಿತ್ತು.

ಆ ಸಂಸ್ಥೆಯ ಲೆಕ್ಕದಲ್ಲಿ ಒಂದು ರಿಯಾಯಿತಿ ಇತ್ತು. ಸಂಸ್ಕರಣೆಯ ವೇಳೆ ಶೇ 3ರಷ್ಟು ಪದಾರ್ಥ ಅಲ್ಲಿ ಇಲ್ಲಿ ಚೆಲ್ಲಿ, ಅಂಟಿಕೊಂಡು ನಷ್ಟವಾದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆತ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿ ಆ ನಷ್ಟವನ್ನು ತಗ್ಗಿಸಿದ. ಹಾಗೆ ಉಳಿದದ್ದನ್ನು ಸಣ್ಣ ಸೀಸೆಯಲ್ಲಿ ತುಂಬಿಕೊಂಡು ಮನೆಗೆ ಒಯ್ದ. ಮತ್ತೆ ಒಯ್ದ. ಕೆಲವೇ ತಿಂಗಳಲ್ಲಿ ಅವನ ಮನೆಯ ಬಾಲ್ಕನಿಯಲ್ಲಿ ಸುಮಾರು ಒಂದೂವರೆ ಕಿಲೊ ಯುರೇನಿಯಂ ಸೇರಿತು, ಶೇ 90ರಷ್ಟು ಸಂವರ್ಧಿಸಿದ್ದು, ಅಂದರೆ ಬಾಂಬಿಗೆ ಬೇಕಾದ ಯುರೇನಿಯಂ-235 ಅಷ್ಟು ಪಾಲು ಇದ್ದದ್ದು. ಸಂಸ್ಥೆಯ ಪುಸ್ತಕದಲ್ಲಿ ಮಾತ್ರ ಒಂದು ಗ್ರಾಂ ಕೂಡ ಕಳುವಾಗಿರಲಿಲ್ಲ. ಜಮಾ-ಖರ್ಚು ಕೊನೆಯವರೆಗೂ ತಾಳೆಯಾಗುತ್ತಲೇ ಇತ್ತು.

ಅಕ್ಟೋಬರ್‌ನಲ್ಲಿ ಗಿರಾಕಿ ಹುಡುಕಲು ಮಾಸ್ಕೋಗೆ ಹೊರಟವನು ರೈಲು ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಪೊಲೀಸರು ಹುಡುಕುತ್ತಿದ್ದದ್ದು ಅವನನ್ನಲ್ಲ. ಬ್ಯಾಟರಿ ಕದ್ದ ಅವನ ಪರಿಚಯದವರನ್ನು ಹಿಡಿಯಲು ಬಂದವರು, ಜೊತೆಗಿದ್ದ ಇವನನ್ನೂ ಹಿಡಿದರು. ವಿಚಾರಣೆಯಲ್ಲಿ ಗೊತ್ತಾದದ್ದು ಇಷ್ಟು: ಅವನಿಗೆ ಬೇಕಾಗಿದ್ದದ್ದು ಒಂದು ಹೊಸ ಫ್ರಿಜ್, ಒಂದು ಒಲೆ.

ಇವತ್ತಿನ ನನ್ನ ಮಾತೆಲ್ಲ ಈ ಘಟನೆಯಿಂದ ಹುಟ್ಟಿದ್ದು. ಪರಮಾಣು ಭಯೋತ್ಪಾದನೆ ಎಂದೊಡನೆ ನಾವು ಬಂದೂಕು ಹಿಡಿದವನನ್ನು ಕಣ್ಣಮುಂದೆ ತಂದುಕೊಳ್ಳುತ್ತೇವೆ. ಅವನನ್ನು ತಡೆಯಲು ಗುಪ್ತಚರರು, ಕಮಾಂಡೊಗಳು ಬೇಕು, ನಿಜ. ಆದರೆ ಅವನು ಬರುವುದಕ್ಕೆ ಬಹಳ ಮೊದಲೇ ಒಂದು ಪದಾರ್ಥ ತನ್ನ ಜಾಗದಿಂದ ಕದಲಿರುತ್ತದೆ. ಅದು ಕದಲುವುದು ತೂಕದ ಪುಸ್ತಕದಲ್ಲಿ, ಉಗ್ರಾಣದ ಬಾಗಿಲಲ್ಲಿ, ಹರಾಜಿನ ಪಟ್ಟಿಯಲ್ಲಿ. ಅಲ್ಲಿ ತಪ್ಪಿದ್ದನ್ನು ಆಮೇಲೆ ಜಗತ್ತಿನ ಯಾವ ಪಡೆಯೂ ಖಚಿತವಾಗಿ ಹಿಡಿಯಲಾರದು. ಈ ವಿಷಯದಲ್ಲಿ ಸರ್ಕಾರಗಳು ಕಾಳಜಿ ವಹಿಸಬೇಕಾದ ಮೊದಲ ಮನುಷ್ಯ ಉಗ್ರಾಣದ ಗುಮಾಸ್ತ ಎಂದು ನಾನು ನಂಬಿದ್ದೇನೆ.

ಮೂರು ಬೇರೆ ಬೇರೆ ಅಪಾಯಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಒಂದು, ಉಗ್ರರ ಕೈಗೆ ನಿಜವಾದ ಅಣುಬಾಂಬ್ ಸಿಗುವುದು ಅಥವಾ ಅವರೇ ಅದನ್ನು ಮಾಡುವುದು. ಎರಡು, ವಿದ್ಯುತ್ ಸ್ಥಾವರಕ್ಕೋ ಬಳಸಿದ ಇಂಧನದ ಕೊಳಕ್ಕೋ ಹಾನಿ ಮಾಡುವುದು. ಮೂರು, ಆಸ್ಪತ್ರೆ, ಕಾರ್ಖಾನೆಗಳಲ್ಲಿರುವ ವಿಕಿರಣಶೀಲ ವಸ್ತುವನ್ನು ಸಾಮಾನ್ಯ ಸ್ಫೋಟಕದೊಂದಿಗೆ ಸೇರಿಸಿ ಊರಿನಲ್ಲಿ ಚೆಲ್ಲಾಡುವುದು, ಅಂದರೆ ಡರ್ಟಿ ಬಾಂಬ್. ಮೊದಲನೆಯದು ಸಂಭವಿಸುವ ಸಾಧ್ಯತೆ ತೀರ ಕಡಿಮೆ, ಆದರೆ ಸಂಭವಿಸಿದರೆ ಒಂದು ನಗರವೇ ಹೋಗುತ್ತದೆ. ಮೂರನೆಯದರಲ್ಲಿ ಸಾವು ಕಡಿಮೆ, ಆದರೆ ಅದಕ್ಕೆ ಬೇಕಾದ ವಸ್ತು ನೂರಾರು ಊರುಗಳಲ್ಲಿ ಹರಡಿದೆ.

ಇದು ಬರೀ ಭೀತಿಯಲ್ಲ. 1995ರಲ್ಲಿ ಟೋಕಿಯೊದ ಮೆಟ್ರೊದಲ್ಲಿ ಸಾರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೊ ಪಂಥ ಅದಕ್ಕೂ ಮೊದಲು ಆಸ್ಟ್ರೇಲಿಯಾದಲ್ಲಿ ಜಮೀನು ಕೊಂಡು ಯುರೇನಿಯಂ ಹುಡುಕಿತ್ತು. ಅದೇ 1995ರ ನವೆಂಬರ್‌ನಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಇಜ್ಮೈಲೊವ್‌ಸ್ಕಿ ಉದ್ಯಾನದಲ್ಲಿ ಸೀಸಿಯಂ ಇದ್ದ ಡಬ್ಬಿ ಹೂತಿಟ್ಟು, ಟಿವಿ ವರದಿಗಾರರಿಗೆ ಜಾಗ ತೋರಿಸಿದರು. ಪಾಕಿಸ್ತಾನದ ಅಣುಶಕ್ತಿ ಆಯೋಗದ ನಿವೃತ್ತ ವಿಜ್ಞಾನಿ ಸುಲ್ತಾನ್ ಬಷೀರುದ್ದೀನ್ ಮಹಮೂದ್ 2001ರ ಆಗಸ್ಟ್‌ನಲ್ಲಿ ಅಫ್ಗಾನಿಸ್ತಾನದಲ್ಲಿ ಬಿನ್ ಲಾಡೆನ್‌ನನ್ನು ಕಂಡು ಮಾತಾಡಿದ್ದರು. ಮನಸ್ಸಿದ್ದವರು ಇದ್ದಾರೆ. ಅವರಿಗೆ ಸಿಗದೆ ಇರುವುದು ಪದಾರ್ಥ ಮಾತ್ರ.

ಒಂದು ಅಣುಬಾಂಬಿಗೆ ಸಾಕಾಗಬಹುದು ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತನ್ನ ತಪಾಸಣೆಗೆ ಇಟ್ಟುಕೊಂಡಿರುವ ಅಳತೆ 8 ಕಿಲೊ ಪ್ಲುಟೋನಿಯಂ, ಇಲ್ಲವೇ ಹೆಚ್ಚು ಸಂವರ್ಧಿತ ಯುರೇನಿಯಂನಲ್ಲಿರುವ 25 ಕಿಲೊ ಯುರೇನಿಯಂ-235. ಜಗತ್ತಿನಲ್ಲಿ ಇಂಥ ಯುರೇನಿಯಂ ಇರುವುದು 1,200 ಟನ್‌ಗೂ ಹೆಚ್ಚು, ಪ್ಲುಟೋನಿಯಂ 500 ಟನ್‌ಗೂ ಹೆಚ್ಚು. ಕಿಲೊ ಎಲ್ಲಿ, ಟನ್ ಎಲ್ಲಿ! ಈ ಎರಡರ ನಡುವಿನ ಅಂತರವೇ ಲೆಕ್ಕ ಇಡುವವರ ಸಂಕಟ. ದೊಡ್ಡ ರಾಶಿಯಲ್ಲಿ ಸಣ್ಣ ಕೊರತೆ ಕಾಣುವುದಿಲ್ಲ. 1994ರ ಆಗಸ್ಟ್‌ನಲ್ಲಿ ಮಾಸ್ಕೋದಿಂದ ಮ್ಯೂನಿಕ್‌ಗೆ ಬಂದ ವಿಮಾನದಲ್ಲಿ 363 ಗ್ರಾಂ ಪ್ಲುಟೋನಿಯಂ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಾಗ್ ನಗರದಲ್ಲಿ 2.7 ಕಿಲೊ ಯುರೇನಿಯಂ ಸಿಕ್ಕಿತು. ಇಂಥವುಗಳಲ್ಲಿ ಬಹುಪಾಲು ಸಿಕ್ಕಿದ್ದು ಮಾರುವವನು ಬಾಯಿಬಿಟ್ಟದ್ದರಿಂದ, ಇಲ್ಲವೇ ಪೊಲೀಸನೊಬ್ಬ ಕೊಳ್ಳುವವನಂತೆ ನಟಿಸಿದ್ದರಿಂದ. ಪದಾರ್ಥ ಕಳೆದುಕೊಂಡ ಸಂಸ್ಥೆ ‘ನಮ್ಮದು ಕಾಣೆಯಾಗಿದೆ’ ಎಂದು ಮೊದಲು ಕೂಗಿದ್ದು ತೀರ ಅಪರೂಪ. ನನ್ನನ್ನು ಹೆದರಿಸುವುದು ಇದೇ.

ಹಾಗಾದರೆ ಮಾಡಬೇಕಾದ್ದೇನು? ಕಾಯಲು ಆಗದ್ದನ್ನು ಇಲ್ಲವಾಗಿಸುವುದು. ಇದನ್ನು ಮಾಡಿ ತೋರಿಸಿದವರಿದ್ದಾರೆ. ಕಜಾಕಸ್ತಾನದ ಉಸ್ತ್-ಕಮೆನೊಗೊರ್ಸ್ಕ್‌ನ ಉಲ್ಬಾ ಕಾರ್ಖಾನೆಯಲ್ಲಿ ಸೋವಿಯತ್ ಕಾಲದ ಸುಮಾರು 600 ಕಿಲೊ ಹೆಚ್ಚು ಸಂವರ್ಧಿತ ಯುರೇನಿಯಂ ಉಳಿದುಹೋಗಿತ್ತು. ಇಪ್ಪತ್ತಕ್ಕೂ ಹೆಚ್ಚು ಬಾಂಬುಗಳಿಗೆ ಆಗುವಷ್ಟು ಪದಾರ್ಥ ಇದ್ದ ಆ ಉಗ್ರಾಣಕ್ಕೆ ಹಳೆಯ ಕಾಲದ ಒಂದು ಬೀಗ ಜಡಿದಿತ್ತು. ಕಜಾಕಸ್ತಾನ ಸರ್ಕಾರವೇ ಮುಂದಾಗಿ ಅಮೆರಿಕಕ್ಕೆ ವಿಷಯ ತಿಳಿಸಿತು. 1994ರ ಚಳಿಗಾಲದ ಹೊತ್ತಿಗೆ ಅಮೆರಿಕದ ತಂಡ ಬಂದು ವಾರಗಟ್ಟಲೆ ಒಂದೊಂದೇ ಡಬ್ಬಿ ತೂಗಿ, ಮುಚ್ಚಿ, ನವೆಂಬರ್‌ನಲ್ಲಿ ಎಲ್ಲವನ್ನೂ ವಿಮಾನಕ್ಕೇರಿಸಿ ಟೆನೆಸ್ಸಿಯ ಓಕ್ ರಿಜ್‌ಗೆ ಒಯ್ದಿತು. ರಷ್ಯಾದ ಸಿಡಿತಲೆಗಳಿಂದ ತೆಗೆದ 500 ಟನ್ ಯುರೇನಿಯಂ 1993ರ ಒಪ್ಪಂದದಂತೆ ತೆಳುವಾಗಿ, ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ 2013ರವರೆಗೆ ಉರಿಯಿತು. ಆ ವರ್ಷಗಳಲ್ಲಿ ಅಮೆರಿಕದ ವಿದ್ಯುತ್ತಿನ ಹತ್ತರಲ್ಲೊಂದು ಪಾಲು ಬಂದದ್ದು ತನ್ನತ್ತಲೇ ಗುರಿಯಿಟ್ಟಿದ್ದ ಬಾಂಬುಗಳಿಂದ. ನಿಶ್ಶಸ್ತ್ರೀಕರಣದ ಇತಿಹಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಒಪ್ಪಂದ ನನಗೆ ಕಾಣುವುದಿಲ್ಲ. ನಮ್ಮಲ್ಲೂ ಒಂದು ಒಳ್ಳೆಯ ಹೆಜ್ಜೆ ಇಟ್ಟಿದ್ದೇವೆ: ಟ್ರಾಂಬೆಯ ಹಳೆಯ ಅಪ್ಸರಾ ರಿಯಾಕ್ಟರ್ ಹೆಚ್ಚು ಸಂವರ್ಧಿತ ಇಂಧನದಲ್ಲಿ ನಡೆಯುತ್ತಿತ್ತು, 2009ರಲ್ಲಿ ಅದನ್ನು ನಿಲ್ಲಿಸಿ, 2018ರಲ್ಲಿ ಅದೇ ಜಾಗದಲ್ಲಿ ಶುರುಮಾಡಿದ ಅಪ್ಸರಾ-ಯು ಕಡಿಮೆ ಸಂವರ್ಧಿತ ಇಂಧನ ಬಳಸುತ್ತದೆ.

ಕಜಾಕಸ್ತಾನದ ಇನ್ನೊಂದು ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೆಮಿಪಲಾಟಿನ್ಸ್ಕ್‌ನಲ್ಲಿ ಸೋವಿಯತ್ ಒಕ್ಕೂಟ 450ಕ್ಕೂ ಹೆಚ್ಚು ಪರೀಕ್ಷಾ ಸ್ಫೋಟ ನಡೆಸಿತ್ತು. ಅಲ್ಲಿನ ಡೆಗೆಲೆನ್ ಬೆಟ್ಟದೊಳಗೆ ಸುರಂಗಗಳಿದ್ದವು. ಕೆಲವು ಪ್ರಯೋಗಗಳಲ್ಲಿ ಪ್ಲುಟೋನಿಯಂ ಪೂರ್ತಿ ಸ್ಫೋಟಿಸದೆ ಸುರಂಗದಲ್ಲೇ ಉಳಿಯುತ್ತಿತ್ತು. 1991ರಲ್ಲಿ ಪರೀಕ್ಷಾ ಕ್ಷೇತ್ರ ಮುಚ್ಚಿತು, ಸೈನಿಕರು ಊರಿಗೆ ಹೋದರು. ಸುತ್ತಲಿನ ಜನ ಕೆಲಸವಿಲ್ಲದೆ ಕಂಗಾಲಾದರು. ಸುರಂಗಗಳಲ್ಲಿ ತಾಮ್ರದ ಕೇಬಲ್ ಇದೆ, ಕಬ್ಬಿಣದ ಹಳಿ ಇದೆ ಎಂದು ಅವರಿಗೆ ಗೊತ್ತಿತ್ತು. ಲಾಸ್ ಅಲಮೋಸ್ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಸೀಗ್‌ಫ್ರೀಡ್ ಹೆಕರ್ 1998ರಲ್ಲಿ ಅಲ್ಲಿಗೆ ಹೋದಾಗ, ಒಂಟೆಗಳಿಗೆ ಕಟ್ಟಿ ಕೇಬಲ್ ಎಳೆಯುವ ನಾಲ್ಕಾರು ಮಂದಿ ಕಾಣಿಸಬಹುದು ಎಂದುಕೊಂಡಿದ್ದರಂತೆ. ಕಂಡದ್ದು ಭಾರಿ ಯಂತ್ರಗಳಿಂದ ಅಗೆದ ಕಿಲೊಮೀಟರ್ ಉದ್ದದ ಕಂದಕಗಳು. ತಾಮ್ರ ಹುಡುಕುವವರು ಪ್ಲುಟೋನಿಯಂ ಇದ್ದ ಕಡೆಗೇ ಅಗೆಯುತ್ತ ಹೋಗಿದ್ದರು, ತಮಗೇ ತಿಳಿಯದೆ.

ಎಲ್ಲಿ ಏನು ಉಳಿದಿದೆ ಎಂಬ ಮಾಹಿತಿ ರಷ್ಯಾದ ರಹಸ್ಯ ಕಡತಗಳಲ್ಲಿತ್ತು. ನೆಲ ಕಜಾಕಸ್ತಾನದ್ದು, ಹಣ ಅಮೆರಿಕದ್ದು. ಸರ್ಕಾರಗಳ ನಡುವೆ ಸಂಶಯವಿದ್ದರೂ ಮೂರೂ ದೇಶಗಳ ವಿಜ್ಞಾನಿಗಳು ಪರಸ್ಪರ ನಂಬಿದರು. ಸುರಂಗಗಳಿಗೆ ವಿಶೇಷ ಕಾಂಕ್ರೀಟ್ ತುಂಬಿದರು. 2012ರಲ್ಲಿ ಕೆಲಸ ಮುಗಿದಾಗ ಬೆಟ್ಟದ ಬುಡದಲ್ಲಿ ಮೂರು ಭಾಷೆಗಳಲ್ಲಿ ಬರೆಸಿದ ಕಲ್ಲೊಂದನ್ನು ನಿಲ್ಲಿಸಿದರು, ಅಷ್ಟೆ. ಹದಿನೇಳು ವರ್ಷ ಹಿಡಿದ ಈ ಕೆಲಸ ದೊಡ್ಡ ಸುದ್ದಿಯೇ ಆಗಲಿಲ್ಲ.

ಗುಜರಿಯವರು ಯಾಕೆ ಈ ವಿಷಯದಲ್ಲಿ ಪದೇ ಪದೇ ಬರುತ್ತಾರೆ ಎಂದು ನೀವು ಕೇಳಬಹುದು. ಜಗತ್ತಿನಲ್ಲಿ ವಾರಸುದಾರರಿಲ್ಲದ ವಸ್ತುವನ್ನು ಮೊದಲು ಮುಟ್ಟುವವರು ಅವರು. ಬ್ರೆಜಿಲ್‌ನ ಗೊಯಾನಿಯಾದಲ್ಲಿ ಕ್ಯಾನ್ಸರ್ ಚಿಕಿತ್ಸಾಲಯವೊಂದು 1985ರ ಕೊನೆಯಲ್ಲಿ ಬೇರೆಡೆಗೆ ಹೋದಾಗ ಹಳೆಯ ಯಂತ್ರವನ್ನು ಅಲ್ಲೇ ಬಿಟ್ಟಿತು. 1987ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಯುವಕರು ಅದರ ತಲೆಭಾಗವನ್ನು ಕಳಚಿ ಗುಜರಿಗೆ ಮಾರಿದರು. ಒಳಗಿದ್ದದ್ದು ನೂರು ಗ್ರಾಂಗಿಂತ ಕಡಿಮೆ ಸೀಸಿಯಂ ಕ್ಲೋರೈಡ್. ರಾತ್ರಿ ಅದು ನೀಲಿಯಾಗಿ ಹೊಳೆಯಿತು. ಗುಜರಿಯಾತ ಬೆರಗಾಗಿ ನೆಂಟರನ್ನು, ಸ್ನೇಹಿತರನ್ನು ಕರೆದು ತೋರಿಸಿದ, ಕಾಳಿನಷ್ಟು ಕಾಳಿನಷ್ಟು ಹಂಚಿದ. ಆರು ವರ್ಷದ ಹುಡುಗಿಯೊಬ್ಬಳು ಅದನ್ನು ಮುಟ್ಟಿದ ಕೈಯಲ್ಲೇ ಊಟ ಮಾಡಿದಳು. ಮನೆಯವರೆಲ್ಲ ಒಬ್ಬೊಬ್ಬರಾಗಿ ಹಾಸಿಗೆ ಹಿಡಿದಾಗ, ಕಾರಣ ಈ ಪುಡಿಯೇ ಇರಬೇಕೆಂದು ಮೊದಲು ಊಹಿಸಿದವಳು ಗುಜರಿಯಾತನ ಹೆಂಡತಿ. ಅದನ್ನು ಚೀಲದಲ್ಲಿ ಹಾಕಿಸಿಕೊಂಡು ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ಮುಟ್ಟಿಸಿದಳು. ಅವಳೂ ಉಳಿಯಲಿಲ್ಲ, ಆ ಹುಡುಗಿಯೂ ಉಳಿಯಲಿಲ್ಲ. ಒಟ್ಟು ನಾಲ್ವರು ಸತ್ತರು. 249 ಜನರ ಮೈಯಲ್ಲೋ ಬಟ್ಟೆಯಲ್ಲೋ ಸೀಸಿಯಂ ಪತ್ತೆಯಾಯಿತು. 1,12,000 ಜನರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. ಮನೆಗಳನ್ನು ಕೆಡವಬೇಕಾಯಿತು. ಸ್ಫೋಟಕವಿಲ್ಲ, ದುರುದ್ದೇಶವಿಲ್ಲ, ಒಂದು ಮುಷ್ಟಿ ಪುಡಿಯಿಂದ ಇಷ್ಟು. ಡರ್ಟಿ ಬಾಂಬ್ ಏನು ಮಾಡಬಲ್ಲದು ಎಂಬುದನ್ನು ಅರಿಯಲು ಬೇರೆ ಪ್ರಯೋಗ ಬೇಕಿಲ್ಲ.

ದೂರದ ಬ್ರೆಜಿಲ್ ಎಂದು ಸುಮ್ಮನಾಗುವಂತಿಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ್ದ ಒಂದು ಗಾಮಾ ಯಂತ್ರವಿತ್ತು. ಅದರೊಳಗೆ ಕೋಬಾಲ್ಟ್-60. 1985ರ ನಂತರ ಅದನ್ನು ಯಾರೂ ಬಳಸಿರಲಿಲ್ಲ. ತಂದ ಪ್ರಾಧ್ಯಾಪಕರು ನಿವೃತ್ತರಾದರು, ಯಂತ್ರ ಕೋಣೆಯಲ್ಲೇ ಉಳಿಯಿತು. 2010ರ ಫೆಬ್ರುವರಿಯಲ್ಲಿ ಹಳೆಯ ಸಾಮಾನಿನ ಜೊತೆ ಅದೂ ಹರಾಜಾಗಿ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಕೂಲಿಯಾಳುಗಳು ಸೀಸದ ಕವಚ ಬಿಡಿಸಿದರು. ಒಬ್ಬ ವ್ಯಾಪಾರಿ ಹೊಳೆಯುವ ತುಣುಕೊಂದನ್ನು ಪರ್ಸ್‌ನಲ್ಲಿ ಇಟ್ಟುಕೊಂಡು ಓಡಾಡಿದ. ಏಪ್ರಿಲ್ ಹೊತ್ತಿಗೆ ಅವರ ಚರ್ಮ ಕಪ್ಪಾಯಿತು, ಕೂದಲು ಉದುರಿತು. ಒಬ್ಬ ಸತ್ತ.

ಸರ್ಕಾರಿ ಕಾಲೇಜುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೇಗಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ ಬಂದರೆ ದಾಸ್ತಾನು ಪರಿಶೀಲನೆ. ಬೇರೆ ವಿಭಾಗದ ಅಧ್ಯಾಪಕರು ಬಂದು ಸ್ಟಾಕ್ ಬುಕ್ ತೆರೆದು ಸಾಲು ಸಾಲಾಗಿ ಓದುತ್ತಾರೆ, ಲ್ಯಾಬ್ ಅಟೆಂಡರ್ ‘ಇದೆ ಸಾರ್’ ಎನ್ನುತ್ತಾನೆ, ಕೆಂಪು ಶಾಯಿಯಲ್ಲಿ ಗುರುತು ಬೀಳುತ್ತದೆ. ವಸ್ತುವಿನ ಹೆಸರು, ಸಂಖ್ಯೆ, ಬೆಲೆ ಆ ಪುಸ್ತಕದಲ್ಲಿರುತ್ತವೆ. ಅದರೊಳಗೆ ಏನಿದೆ, ಅದು ಯಾರ ಮೇಲೆ ಏನು ಪರಿಣಾಮ ಮಾಡಬಲ್ಲದು ಎಂದು ಬರೆಯಲು ಅಲ್ಲಿ ಅಂಕಣವೇ ಇಲ್ಲ. ಹತ್ತು ವರ್ಷ ಕಳೆದರೆ ‘ಉಪಯೋಗಕ್ಕೆ ಬಾರದ್ದು’ ಎಂಬ ಪಟ್ಟಿ. ಆಮೇಲೆ ತೂಕದ ಲೆಕ್ಕದಲ್ಲಿ ಹರಾಜು. ನಮ್ಮ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿ ಗೈಗರ್ ಕೌಂಟರ್ ಪ್ರಯೋಗಕ್ಕೆ ಇಟ್ಟುಕೊಳ್ಳುವ ಬಿಲ್ಲೆಯಷ್ಟಗಲದ ಸೀಸಿಯಂ, ಕೋಬಾಲ್ಟ್ ತುಣುಕುಗಳಿಂದ ಅಪಾಯ ತೀರ ಅಲ್ಪ. ಗೊಯಾನಿಯಾದ ಮೂಲ ಅವುಗಳಿಗಿಂತ ಕೋಟ್ಯಂತರ ಪಟ್ಟು ಪ್ರಬಲವಾಗಿತ್ತು. ಆದರೆ ಎರಡಕ್ಕೂ ನಾವು ಬಳಸುವ ಪುಸ್ತಕ ಒಂದೇ, ಗುರುತು ಹಾಕುವ ಶಾಯಿ ಒಂದೇ. ವಿಕಿರಣ ಮೂಲಗಳಿಗೆ ಪ್ರತ್ಯೇಕ ಪುಸ್ತಕವಿರಬೇಕು. ಅದನ್ನು ನೋಡಿಕೊಳ್ಳುವವರು ನಿವೃತ್ತರಾಗುವ ದಿನ, ಬೀಗದ ಕೈಯೊಂದಿಗೆ ಆ ಪುಸ್ತಕವನ್ನೂ ಮುಂದಿನವರ ಕೈಗೆ ಸಹಿ ಪಡೆದು ಒಪ್ಪಿಸಬೇಕು.

ನಿಯಂತ್ರಣದ ಹೊಣೆ ಇರುವುದು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಮೇಲೆ. ವಿಲೇವಾರಿಗೆ ಅನುಮತಿ ಕೊಟ್ಟ ಮೂಲಗಳು ನಿಜಕ್ಕೂ ವಿಲೇವಾರಿಯಾದವೇ ಎಂದು ಖಾತ್ರಿ ಮಾಡಿಕೊಳ್ಳುವ ಸರಿಯಾದ ವ್ಯವಸ್ಥೆ ಮಂಡಳಿಯಲ್ಲಿಲ್ಲ ಎಂದು ಮಹಾಲೇಖಪಾಲರು 2012ರ ವರದಿಯಲ್ಲಿ ಹೇಳಿದರು. ಆಮೇಲೆ ಪರವಾನಗಿ, ನೋಂದಣಿಗಳು ಆನ್‌ಲೈನ್ ಆಗಿವೆ. ಅದು ಒಳ್ಳೆಯದೇ. ಆದರೆ ಹಿಂದೆಂದೋ ಕೊಂಡು, ಮೂಲೆ ಸೇರಿ, ಕಂಪ್ಯೂಟರಿಗೆ ಏರದೆ ಉಳಿದದ್ದನ್ನು ಕಾಲ್ನಡಿಗೆಯಲ್ಲೇ ಹುಡುಕಬೇಕು.

ಇನ್ನು ಒಳಗಿನವರಿಂದಲೇ ಬರುವ ಅಪಾಯದ ವಿಷಯ. ಇದನ್ನು ನಾವು ಕನ್ನಡಿಗರು ಮರೆಯಬಾರದು, ಏಕೆಂದರೆ ಅಂಥ ಒಂದು ಘಟನೆ ನಮ್ಮ ಉತ್ತರ ಕನ್ನಡದಲ್ಲೇ ನಡೆದಿದೆ. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದ ನೌಕರರ ಮೂತ್ರದ ಮಾಮೂಲಿ ತಪಾಸಣೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ನಿನ ಪ್ರಮಾಣ ಹೆಚ್ಚಾಗಿರುವುದು ಕಂಡಿತು. ಐವತ್ತಕ್ಕೂ ಹೆಚ್ಚು ಜನರಿಗೆ ತಗುಲಿತ್ತು. ಹುಡುಕುತ್ತ ಹೋದರೆ ಕಾರಣ ಕುಡಿಯುವ ನೀರಿನ ಕೂಲರ್. ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಅದರೊಳಗೆ ಸೇರಿಸಿದ್ದರು. ಬೇಲಿ ಹಾರಿ ಬಂದ ಹೊರಗಿನವನಲ್ಲ, ಗುರುತುಚೀಟಿ ತೋರಿಸಿ ಒಳಗೆ ಹೋದವನೇ. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ ಎಂಬುದು ಸಮಾಧಾನ. ಅದನ್ನು ಪತ್ತೆ ಹಚ್ಚಿದ್ದು ಕ್ಯಾಮೆರಾ ಅಲ್ಲ, ತಪ್ಪದೆ ನಡೆಯುತ್ತಿದ್ದ ಆ ನೀರಸವಾದ ಮೂತ್ರ ಪರೀಕ್ಷೆ. ಆ ಪ್ರಯೋಗಾಲಯದ ಸಿಬ್ಬಂದಿಗೆ ನಾವು ಋಣಿಗಳು.

2014ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಡೂಲ್ ಸ್ಥಾವರದ ನಾಲ್ಕನೇ ಘಟಕದಲ್ಲಿ ಒಳಗಿನವರೇ ಯಾರೋ ಟರ್ಬೈನಿನ ಎಣ್ಣೆಯನ್ನೆಲ್ಲ ಹೊರಬಿಟ್ಟರು. ಟರ್ಬೈನ್ ಹಾಳಾಗಿ ತಿಂಗಳುಗಟ್ಟಲೆ ಘಟಕ ನಿಂತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಲ್ಪಾಕ್ಕಂ ಅಣುಸ್ಥಾವರದ ಕಾವಲಿಗಿದ್ದ ಸಿಐಎಸ್‌ಎಫ್ ಹೆಡ್ ಕಾನ್‌ಸ್ಟೆಬಲ್ ಒಬ್ಬ ತನ್ನ ಮೂವರು ಸಹೋದ್ಯೋಗಿಗಳನ್ನೇ ಗುಂಡಿಟ್ಟು ಕೊಂದ. ಅದು ಭಯೋತ್ಪಾದನೆಯಲ್ಲ. ಆದರೆ ಕಾವಲುಗಾರನ ಮನಸ್ಸು ಕದಡಿದ್ದರೆ ಬೇಲಿ ಎಷ್ಟು ಎತ್ತರವಿದ್ದರೇನು? ಕಾವಲಿನವರಿಗೆ ರಜೆ, ನಿದ್ದೆ, ಮನೆಯವರೊಂದಿಗೆ ಇರುವ ಅವಕಾಶ, ಅಳಲು ಹೇಳಿಕೊಳ್ಳಲು ಒಬ್ಬ ಆಪ್ತ ವೈದ್ಯ, ಇವನ್ನು ನಾನು ಭದ್ರತೆಯ ಖರ್ಚಿಗೇ ಸೇರಿಸುತ್ತೇನೆ. ಗುತ್ತಿಗೆ ಕಾರ್ಮಿಕರ ವಿಷಯವೂ ಇದೇ. ಯಾರನ್ನು ನಾವು ದಿನಗೂಲಿಯಲ್ಲಿ ಹೆಸರಿಲ್ಲದಂತೆ ನಡೆಸಿಕೊಳ್ಳುತ್ತೇವೋ ಅವರಿಂದ ನಿಷ್ಠೆಯನ್ನು ಮಾತ್ರ ಪೂರ್ತಿ ನಿರೀಕ್ಷಿಸುವುದು ನ್ಯಾಯವಲ್ಲ. ಸೂಕ್ಷ್ಮ ಪದಾರ್ಥವಿರುವ ಕೋಣೆಗೆ ಒಬ್ಬರೇ ಹೋಗದಂತೆ, ಇಬ್ಬರು ಕೂಡಿಯೇ ಹೋಗುವಂತೆ ನಿಯಮವಿರಬೇಕು. ಅದು ಅವಮಾನವಲ್ಲ, ಇಬ್ಬರಿಗೂ ರಕ್ಷಣೆ.

ಯಂತ್ರಗಳನ್ನು ಪೂರ್ತಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಓಕ್ ರಿಜ್‌ನ ವೈ-12 ಪರಮಾಣು ಕೇಂದ್ರವೇ ಸಾಕ್ಷಿ. ಕಜಾಕಸ್ತಾನದ ಯುರೇನಿಯಂ ಭದ್ರವಾಗಿರಲೆಂದು ಹೋದ ಜಾಗವದು. 2012ರ ಜುಲೈಯಲ್ಲಿ 82 ವರ್ಷದ ಕ್ರೈಸ್ತ ಸನ್ಯಾಸಿನಿ ಮೇಗನ್ ರೈಸ್ ಮತ್ತು ಇಬ್ಬರು ಶಾಂತಿ ಕಾರ್ಯಕರ್ತರು ತಂತಿ ಕತ್ತರಿಸಿಕೊಂಡು ಬೇಲಿಗಳನ್ನು ದಾಟಿ ಯುರೇನಿಯಂ ಕಟ್ಟಡದ ಗೋಡೆಯವರೆಗೆ ನಡೆದುಹೋದರು. ಕ್ಯಾಮೆರಾ ಕೆಟ್ಟಿತ್ತು. ಸುಳ್ಳು ಎಚ್ಚರಿಕೆಯ ಗಂಟೆಗೆ ಕಾವಲಿನವರ ಕಿವಿ ಒಗ್ಗಿಹೋಗಿತ್ತು.

ಕಾನೂನುಗಳಿಗೆ ಕೊರತೆಯಿಲ್ಲ. 2004ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸಾಮೂಹಿಕ ನಾಶದ ಅಸ್ತ್ರಗಳು ಉಗ್ರರ ಕೈ ಸೇರದಂತೆ ತಡೆಯುವ 1540ನೇ ನಿರ್ಣಯ ಮಾಡಿತು. ಪರಮಾಣು ಭಯೋತ್ಪಾದನೆ ವಿರುದ್ಧದ ಒಪ್ಪಂದ 2007ರಲ್ಲಿ ಜಾರಿಗೆ ಬಂತು. ಪದಾರ್ಥಗಳ ಭೌತಿಕ ರಕ್ಷಣೆಯ ಒಪ್ಪಂದದ ತಿದ್ದುಪಡಿ 2016ರಲ್ಲಿ ಜಾರಿಯಾಯಿತು. ಇವಕ್ಕೆ ಭಾರತದ ಸಮ್ಮತಿ ಇದೆ. 2010ರಿಂದ 2016ರವರೆಗೆ ನಾಲ್ಕು ಪರಮಾಣು ಭದ್ರತಾ ಶೃಂಗಸಭೆಗಳು ನಡೆದು ಹಲವು ದೇಶಗಳು ತಮ್ಮಲ್ಲಿದ್ದ ಯುರೇನಿಯಂ ಬಿಟ್ಟುಕೊಟ್ಟವು. ಕೊನೆಯ ಸಭೆಗೆ ರಷ್ಯಾ ಬರಲಿಲ್ಲ. 2022ರ ಮಾರ್ಚ್‌ನಲ್ಲಿ ಅದೇ ರಷ್ಯಾದ ಸೈನ್ಯ ಉಕ್ರೇನಿನ ಝಪೊರಿಝಿಯಾ ಸ್ಥಾವರದ ಮೇಲೆ ಗುಂಡು ಹಾರಿಸಿ ವಶಪಡಿಸಿಕೊಂಡಿತು. ಡೆಗೆಲೆನ್ ಬೆಟ್ಟದಲ್ಲಿ ಬೆಳೆದ ಆ ನಂಬಿಕೆ ಹೀಗೆ ಹಾಳಾದದ್ದನ್ನು ನೋಡಿ ನನಗೆ ಬಹಳ ದುಃಖವಾಗಿದೆ.

ನಮ್ಮ ನೆರೆಹೊರೆಯಲ್ಲಿ ಒಂದು ಸಣ್ಣ ಎಳೆ ಇನ್ನೂ ಉಳಿದಿದೆ. ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತಿವೆ. ಕಾರ್ಗಿಲ್ ಆದ ಮೇಲೂ, ಮುಂಬೈ ದಾಳಿಯ ಮೇಲೂ ಇದು ನಿಂತಿಲ್ಲ. ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಸಾಧ್ಯ: ಯಾರಲ್ಲಾದರೂ ಪದಾರ್ಥ ಕಾಣೆಯಾದರೆ ತಕ್ಷಣ ಇನ್ನೊಬ್ಬರಿಗೆ ತಿಳಿಸುವುದು. ಕಾಣೆಯಾದದ್ದನ್ನು ಒಪ್ಪಿಕೊಳ್ಳಲು ಸರ್ಕಾರಗಳಿಗೆ ಮುಜುಗರ. ಆದರೆ ಕರಾಚಿಯಲ್ಲಿ ಕಳೆದದ್ದು ಮುಂಬೈಯಲ್ಲಿ ಸಿಡಿದಾಗ ಆಗುವ ಅನಾಹುತದ ಮುಂದೆ ಆ ಮುಜುಗರ ಏನೂ ಅಲ್ಲ.

ಆಸ್ಪತ್ರೆಗಳು ಮಾಡಬೇಕಾದ್ದೂ ಇದೆ. ರಕ್ತಕ್ಕೆ ವಿಕಿರಣ ಹಾಯಿಸಲು ಸೀಸಿಯಂ ಯಂತ್ರದ ಬದಲು ಎಕ್ಸ್-ರೇ ಯಂತ್ರ ಬಂದಿದೆ. ಸ್ವಿಚ್ ಆರಿಸಿದರೆ ಅದರಲ್ಲಿ ಕದಿಯುವಂಥದ್ದೇನೂ ಇರುವುದಿಲ್ಲ. ಫ್ರಾನ್ಸ್, ನಾರ್ವೆ ಈಗಾಗಲೇ ಬದಲಾಯಿಸಿಕೊಂಡಿವೆ. 2019ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇಂಥ ಹಳೆಯ ಸೀಸಿಯಂ ಯಂತ್ರವನ್ನು ತೆಗೆಯುವಾಗಲೇ ಸೋರಿ 13 ಜನರಿಗೆ ತಗುಲಿತು, ಕಟ್ಟಡವನ್ನು ವರ್ಷಗಟ್ಟಲೆ ಮುಚ್ಚಬೇಕಾಯಿತು. ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್ ಯಂತ್ರದ ಪ್ರಶ್ನೆ ಇಷ್ಟು ಸುಲಭವಲ್ಲ. ಕರೆಂಟ್ ಹೋಗುವ ಊರಿನಲ್ಲಿ, ಬಡವರ ಆಸ್ಪತ್ರೆಯಲ್ಲಿ ಅದು ಪ್ರಾಣ ಉಳಿಸುತ್ತಿದೆ. ಬದಲಿ ಯಂತ್ರ ಬಂದು, ಅದನ್ನು ನಡೆಸುವ ತಂತ್ರಜ್ಞರು ಬಂದು ನಿಂತ ಮೇಲಷ್ಟೇ ಅದನ್ನು ತೆಗೆಯಬೇಕು. ರೋಗಿಯ ಚಿಕಿತ್ಸೆಯನ್ನು ಬಲಿಕೊಟ್ಟು ಬರುವ ಭದ್ರತೆ ನನಗೆ ಬೇಡ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ವಿಕಿರಣದ ಅಪಾಯ ಸೂಚಿಸುವ ಮೂರು ದಳದ ಹಳೆಯ ಚಿಹ್ನೆ ಓದಿದವರಿಗಷ್ಟೇ ಗೊತ್ತು, ಉಳಿದವರಿಗೆ ಅದು ಫ್ಯಾನಿನ ರೆಕ್ಕೆಯಂತೆ ಕಾಣುತ್ತದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2007ರಲ್ಲಿ ಹೊಸ ಚಿಹ್ನೆಯೊಂದನ್ನು ತಂದಿತು: ಕೆಂಪು ತ್ರಿಕೋನದಲ್ಲಿ ಅಲೆ ಚೆಲ್ಲುವ ಆ ಮೂರು ದಳ, ಕೆಳಗೆ ತಲೆಬುರುಡೆ, ಓಡುತ್ತಿರುವ ಮನುಷ್ಯ. ಭಾರತವೂ ಸೇರಿ 11 ದೇಶಗಳ 1,650 ಜನರಿಗೆ ತೋರಿಸಿ, ಓದು ಬಾರದವರಿಗೂ ಅರ್ಥವಾಗುತ್ತದೆಯೇ ಎಂದು ನೋಡಿ ಆರಿಸಿದ ಚಿತ್ರ ಅದು. ನಮ್ಮ ಗುಜರಿ ಅಂಗಡಿಗಳ ಗೋಡೆಯ ಮೇಲೆ ಅದನ್ನು ನಾನು ನೋಡಿಲ್ಲ. ಈ ಕಾಲೇಜಿನ ಎನ್‌ಎಸ್‌ಎಸ್ ಘಟಕ ಬೆಂಗಳೂರಿನ ಜಾಲಿ ಮೊಹಲ್ಲಾದಿಂದ ಶುರುಮಾಡಲಿ. ಹಳೆಯ ಮತ್ತು ಹೊಸ ಚಿಹ್ನೆ ಎರಡನ್ನೂ ದೊಡ್ಡದಾಗಿ ಅಚ್ಚು ಹಾಕಿಸಿ. ಗಾತ್ರಕ್ಕೆ ಮೀರಿದ ಭಾರವಿದ್ದರೆ, ಸೀಸದ ಕವಚವಿದ್ದರೆ ಒಡೆಯಬೇಡಿ, ದೂರ ನಿಂತು 112ಕ್ಕೆ ಕರೆ ಮಾಡಿ ಎಂದು ಕನ್ನಡ, ಉರ್ದು, ತಮಿಳು, ಹಿಂದಿಯಲ್ಲಿ ಬರೆಸಿ. ಕರೆ ಮಾಡಿದವನಿಗೆ ಪೊಲೀಸರ ಕಾಟವಾಗದು ಎಂಬ ಭರವಸೆಯನ್ನು ಜಿಲ್ಲಾಡಳಿತದಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಯಾರೂ ಕರೆ ಮಾಡುವುದಿಲ್ಲ. ಈ ಉಪನ್ಯಾಸಕ್ಕೆ ನನಗೆ ಕೊಡುವ ಗೌರವಧನವನ್ನು ಆ ಭಿತ್ತಿಪತ್ರದ ಅಚ್ಚಿನ ಖರ್ಚಿಗೆ ಸೇರಿಸಿಕೊಳ್ಳಬೇಕೆಂದು ವಿಭಾಗದ ಮುಖ್ಯಸ್ಥರನ್ನು ಕೋರುತ್ತೇನೆ.